ಲೊಕೇಶನ್ ಹಾಕು ಎನ್ನುವ ಮೊದಲು

ಮನೆಯವರು ಊರಿಗೆ ಹೊರಟಾಗ "ತಲುಪಿದ ಕೂಡಲೇ ಫೋನ್ ಮಾಡು" ಎಂದು ಹೇಳಿ ಕಳಿಸುವುದು ನಮ್ಮ ರೂಢಿ. ಈಚೆಗೆ ಅದರ ಜೊತೆಗೆ "ಲೊಕೇಶನ್ ಹಾಕು" ಎನ್ನುವ ಮಾತೂ ಸೇರಿಕೊಂಡಿದೆ. ಬೆಂಗಳೂರಿನಲ್ಲಿ ಓದುವ ಮಗಳು, ರಾತ್ರಿ ಪಾಳಿ ಮುಗಿಸಿ ಬರುವ ಸೊಸೆ, ಲಾರಿ ಓಡಿಸಿಕೊಂಡು ಘಾಟಿ ಇಳಿಯುವ ಮಗ, ವಾಕಿಂಗಿಗೆ ಹೋಗಿ ಮನೆಯ ದಾರಿ ಮರೆಯುವ ಅಜ್ಜ, ಇವರಲ್ಲಿ ಯಾರು ಎಲ್ಲಿದ್ದಾರೆ ಎಂಬುದನ್ನು ಮನೆಯಲ್ಲಿ ಕೂತೇ ನೋಡುವ ಅನುಕೂಲ ಇವತ್ತು ಕೈಯಲ್ಲಿರುವ ಫೋನಿನಲ್ಲೇ ಇದೆ. ಅದಕ್ಕೆ ಬೇರೆ ಯಂತ್ರ ಬೇಕಿಲ್ಲ, ಹೆಚ್ಚಿನ ದುಡ್ಡೂ ಬೇಕಿಲ್ಲ.

ನಾನು ಹಾಸನದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಹಳೆಯ ವಿದ್ಯಾರ್ಥಿಗಳು, ಅವರ ಮನೆಯವರು ಸಿಕ್ಕಾಗ ಕೇಳುತ್ತಾರೆ: "ಟೀಚರ್, ಮಗಳ ಫೋನಿಗೆ ಯಾವ ಆಪ್ ಹಾಕಿಸೋದು?" ಯಾವ ಆಪ್ ಎನ್ನುವುದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆ ಇವೆ. ಅವಳಿಗೆ ಗೊತ್ತಿದೆಯೇ? ಅವಳು ಒಪ್ಪಿದ್ದಾಳೆಯೇ? ಎಷ್ಟು ಹೊತ್ತಿಗೆ? ಬೇಡವೆನಿಸಿದಾಗ ಅವಳೇ ನಿಲ್ಲಿಸಬಹುದೇ? ಈ ನಾಲ್ಕಕ್ಕೂ ಸರಿಯಾದ ಉತ್ತರವಿದ್ದರೆ ಅದು ರಕ್ಷಣೆ. ಇಲ್ಲದಿದ್ದರೆ ಅದು ಬರಿಯ ಕಾವಲು. ಇವತ್ತಿನ ನನ್ನ ಮಾತಿನ ಸಾರ ಇಷ್ಟೇ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ತಾನು ಎಲ್ಲಿದ್ದೇನೆ ಎಂದು ಫೋನಿಗೆ ಹೇಗೆ ಗೊತ್ತಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಅದು ತಿಳಿದರೆ ನಮ್ಮ ಅರ್ಧ ಗಾಬರಿ ಇಳಿಯುತ್ತದೆ.

ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಅಮೆರಿಕದ ಜಿಪಿಎಸ್ ಉಪಗ್ರಹಗಳು ಸುತ್ತುತ್ತಿವೆ. ಇಡೀ ಭೂಮಿಗೆ ಸಾಲಬೇಕಾದರೆ 24 ಉಪಗ್ರಹ ಬೇಕು. ಈಗ ಇರುವುದು ಅದಕ್ಕಿಂತ ಹೆಚ್ಚು. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರವಿದೆ. "ನಾನು ಇಂಥ ಉಪಗ್ರಹ, ನಾನಿರುವ ಜಾಗ ಇದು, ಈಗ ಸಮಯ ಇಷ್ಟು" ಎಂದು ಅದು ಒಂದೇ ಸಮನೆ ಸಾರುತ್ತಿರುತ್ತದೆ. ಆ ಸಂಕೇತ ಬೆಳಕಿನ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಫೋನನ್ನು ಮುಟ್ಟುತ್ತದೆ. ಮುಟ್ಟಲು ಹಿಡಿದ ಸಮಯದಿಂದ ಫೋನು ದೂರವನ್ನು ಲೆಕ್ಕ ಹಾಕುತ್ತದೆ. ಹೀಗೆ ನಾಲ್ಕು ಉಪಗ್ರಹಗಳ ಲೆಕ್ಕ ಸಿಕ್ಕಿತೆಂದರೆ ಜಾಗ ಗೊತ್ತಾಯಿತು. ಈ ಲೆಕ್ಕ ಎಷ್ಟು ಸೂಕ್ಷ್ಮವೆಂದರೆ, ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸ ಬರುತ್ತದೆ.

ಉಪಗ್ರಹ ಮೇಲಿನಿಂದ ನಮ್ಮನ್ನು ನೋಡುತ್ತಿರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಹಾಗಲ್ಲ. ನೀವೀಗ ಕೇಳುತ್ತಿರುವ ರೇಡಿಯೋ ಹೇಗೋ ಫೋನಿನ ಜಿಪಿಎಸ್ ಹಾಗೆ. ಅದು ಕೇಳಿಸಿಕೊಳ್ಳುತ್ತದೆ, ತಿರುಗಿ ಏನನ್ನೂ ಹೇಳುವುದಿಲ್ಲ. ನಿಮ್ಮ ಮನೆಯಲ್ಲಿ ರೇಡಿಯೋ ಹಚ್ಚಿದ್ದು ನಿಲಯಕ್ಕೆ ತಿಳಿಯುವುದಿಲ್ಲವಲ್ಲ, ಹಾಗೆಯೇ ನೀವೆಲ್ಲಿದ್ದೀರಿ ಎಂಬುದು ಉಪಗ್ರಹಕ್ಕೆ ತಿಳಿಯುವುದಿಲ್ಲ. ನಿಮ್ಮ ಜಾಗ ಇನ್ನೊಬ್ಬರಿಗೆ ತಿಳಿಯಬೇಕಾದರೆ ಫೋನು ಅದನ್ನು ಮೊಬೈಲ್ ಡೇಟಾದ ಮೂಲಕ ಕಳಿಸಬೇಕು. ಜಾಗ ತಿಳಿಯುವುದು ಒಂದು ಕೆಲಸ, ತಿಳಿಸುವುದು ಮತ್ತೊಂದು ಕೆಲಸ. ತಿಳಿಯಲು ಆಕಾಶ ಕಂಡರೆ ಸಾಕು. ತಿಳಿಸಲು ನೆಟ್‌ವರ್ಕ್ ಬೇಕು.

ಈ ಸೌಲಭ್ಯ ಜನಸಾಮಾನ್ಯರ ಕೈಗೆ ಬಂದದ್ದೂ ಒಂದು ದುರಂತದ ನಂತರವೇ. ಜಿಪಿಎಸ್ ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ ವ್ಯವಸ್ಥೆ. 1983ರ ಸೆಪ್ಟೆಂಬರ್ 1ರಂದು ದಕ್ಷಿಣ ಕೊರಿಯಾದ ಪ್ರಯಾಣಿಕ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ಒಕ್ಕೂಟದ ಗಡಿಯೊಳಗೆ ಹೋಯಿತು. ಸೋವಿಯತ್ ಯುದ್ಧವಿಮಾನ ಅದನ್ನು ಹೊಡೆದುರುಳಿಸಿತು. 269 ಜನ ಸತ್ತರು. ಅದಾದ ಮೇಲೆ ಅಧ್ಯಕ್ಷ ರೇಗನ್ ಅವರ ಸರ್ಕಾರ ಜಿಪಿಎಸ್ ಅನ್ನು ನಾಗರಿಕರ ಬಳಕೆಗೂ ಕೊಡುವುದಾಗಿ ಹೇಳಿತು. ಆದರೂ ಸೈನ್ಯದವರು ನಾಗರಿಕರ ಸಂಕೇತವನ್ನು ಬೇಕೆಂದೇ ಮಸುಕಾಗಿಸಿ ಬಿಡುತ್ತಿದ್ದರು. 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದರು. ಅಲ್ಲಿಂದ ಈಚೆಗೆ, ತೆರೆದ ಬಯಲಿನಲ್ಲಿ ನಿಂತರೆ ಫೋನು ತಾನಿರುವ ಜಾಗವನ್ನು ಕೆಲವೇ ಮೀಟರ್‌ಗಳ ಆಚೀಚೆ ಹೇಳುವಂತಾಯಿತು.

ನಮ್ಮ ದೇಶಕ್ಕೂ ಅದರದೇ ವ್ಯವಸ್ಥೆ ಇದೆ. ಅದಕ್ಕೆ ನಾವಿಕ್ ಎಂದು ಹೆಸರು. ಇಸ್ರೋ ಮೊದಲ ಉಪಗ್ರಹವನ್ನು 2013ರ ಜುಲೈನಲ್ಲಿ ಹಾರಿಸಿತು, ಏಳನೆಯದನ್ನು 2016ರ ಏಪ್ರಿಲ್‌ನಲ್ಲಿ. ಭಾರತ ಮತ್ತು ಅದರ ಸುತ್ತಿನ 1,500 ಕಿಲೋಮೀಟರ್ ಪ್ರದೇಶಕ್ಕೆಂದು ಇದನ್ನು ರೂಪಿಸಿದ್ದಾರೆ. ಮೊದಲ ಉಪಗ್ರಹಗಳಲ್ಲಿ ಕೆಲವುಗಳ ಗಡಿಯಾರಗಳು ಕೆಟ್ಟವು. ಆಮೇಲೆ ದೇಶದಲ್ಲೇ ತಯಾರಿಸಿದ ರುಬಿಡಿಯಂ ಗಡಿಯಾರವನ್ನಿಟ್ಟ ಹೊಸ ಉಪಗ್ರಹ 2023ರ ಮೇ ತಿಂಗಳಲ್ಲಿ ಮೇಲೇರಿತು. ಈ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರಗಳಲ್ಲಿ ಒಂದು ನಮ್ಮ ಹಾಸನದಲ್ಲಿದೆ. ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ ಇಸ್ರೋದ ಪಥದರ್ಶನ ಕೇಂದ್ರವಿದೆ. ಹಾಗಾಗಿ ಇದು ನಮ್ಮವರ ದುಡಿಮೆಯೂ ಸೇರಿದ ವಿದ್ಯೆ; ಇದನ್ನು ಸರಿಯಾಗಿ ಬಳಸಿಕೊಳ್ಳುವುದನ್ನು ನಾವು ಕಲಿಯಬೇಕು.

ಇನ್ನು, ಮ್ಯಾಪಿನ ಮೇಲೆ ಕಾಣುವ ಚುಕ್ಕಿಯನ್ನು ಓದುವ ಬಗೆ.

ಬೆಂಗಳೂರಿನ ಬಿಟಿಎಂ ಬಡಾವಣೆಯ ಪಿಜಿಯೊಂದರಲ್ಲಿ ಇರುವ ಹುಡುಗಿಯೊಬ್ಬಳ ತಾಯಿ ನನ್ನ ಪರಿಚಯದವರು. ಒಂದು ರಾತ್ರಿ ಮ್ಯಾಪ್ ತೆರೆದರೆ ಮಗಳ ಫೋಟೋ ಮಡಿವಾಳ ಕೆರೆಯ ನೀರಿನ ಮೇಲೆ ನಿಂತಿದೆ. ಎದೆ ಧಸಕ್ಕೆಂದು ಫೋನ್ ಮಾಡಿದರು. "ಪುಟ್ಟೀ, ಈ ಹೊತ್ತಲ್ಲಿ ಕೆರೆ ಹತ್ರ ಏನ್ ಮಾಡ್ತಿದ್ದೀಯ?" "ಅಮ್ಮಾ, ರೂಮಲ್ಲೇ ಇದ್ದೀನಿ, ಊಟ ಮಾಡ್ತಿದ್ದೀನಿ. ಏನಾಯ್ತು?" ಮಾರನೆಯ ದಿನ ಅವರು ಆ ಫೋನನ್ನು ನನಗೆ ತೋರಿಸಿದರು. ಮ್ಯಾಪನ್ನು ದೊಡ್ಡದು ಮಾಡಿ ನೋಡಿದೆವು. ಫೋಟೋದ ಸುತ್ತ ತೆಳು ನೀಲಿಯ ದೊಡ್ಡದೊಂದು ವೃತ್ತವಿತ್ತು. ಅದರ ಅರ್ಧ ಕೆರೆಯ ಮೇಲೆ, ಉಳಿದರ್ಧ ಬಡಾವಣೆಯ ಬೀದಿಗಳ ಮೇಲೆ ಹರಡಿತ್ತು. ಮಗಳ ಪಿಜಿ ಆ ವೃತ್ತದ ಒಳಗೇ ಇತ್ತು.

ಆ ನೀಲಿ ವೃತ್ತವೇ ಫೋನಿನ ಪ್ರಾಮಾಣಿಕ ಉತ್ತರ. "ಇಷ್ಟರೊಳಗೆ ಎಲ್ಲೋ ಇದ್ದೇನೆ" ಎನ್ನುತ್ತದೆ ಅದು. ಕಾಂಕ್ರೀಟ್ ಕಟ್ಟಡದೊಳಗೆ, ನೆಲಮಾಳಿಗೆಯಲ್ಲಿ, ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಂಕೇತ ನೇರವಾಗಿ ಸಿಗುವುದಿಲ್ಲ. ಗೋಡೆಗೆ ಬಡಿದು ಸುತ್ತಿ ಬರುತ್ತದೆ. ಆಗ ಫೋನು ಹತ್ತಿರದ ಮೊಬೈಲ್ ಟವರ್ ಮತ್ತು ವೈಫೈಗಳನ್ನು ನೋಡಿ ಅಂದಾಜು ಕಟ್ಟುತ್ತದೆ. ಅಂದಾಜು ಒರಟಾದಷ್ಟೂ ವೃತ್ತ ದೊಡ್ಡದಾಗುತ್ತದೆ. ಆದ್ದರಿಂದ ಚುಕ್ಕಿಯನ್ನು ನೋಡುವಾಗ ಅದರ ಸುತ್ತಿನ ವೃತ್ತವನ್ನೂ ನೋಡಿ.

ಅಷ್ಟೇ ಮುಖ್ಯವಾದದ್ದು ಸಮಯ. ಚುಕ್ಕಿಯ ಜೊತೆಗೆ "ಈಗ" ಎಂದೋ, "40 ನಿಮಿಷದ ಹಿಂದೆ" ಎಂದೋ ಬರೆದಿರುತ್ತದೆ. ಹಾಸನದಿಂದ ಮಂಗಳೂರಿಗೆ ಹೋಗುವವರನ್ನು ನೋಡಿ. ಸಕಲೇಶಪುರ ದಾಟಿ ದೋಣಿಗಾಲಿನವರೆಗೆ ಚುಕ್ಕಿ ಸರಿಯಾಗಿ ಓಡುತ್ತದೆ. ಶಿರಾಡಿ ಘಾಟಿಯ ಕಾಡಿಗೆ ಇಳಿದ ಮೇಲೆ ನೆಟ್‌ವರ್ಕ್ ಹೋಯಿತೆಂದರೆ ಚುಕ್ಕಿ ಅಲ್ಲೇ ನಿಂತುಬಿಡುತ್ತದೆ. ಮನೆಯಲ್ಲಿ ನೋಡುತ್ತಿರುವವರಿಗೆ ಗಾಡಿ ಕೆಟ್ಟಿತೇ, ಅಪಘಾತವಾಯಿತೇ ಎಂಬ ದಿಗಿಲು. ಗುಂಡ್ಯ ದಾಟಿ ಸಿಗ್ನಲ್ ಸಿಕ್ಕಾಗ ಚುಕ್ಕಿ ಒಮ್ಮೆಲೇ ಮುಂದಕ್ಕೆ ಹಾರುತ್ತದೆ. ಗಾಡಿ ಅಷ್ಟು ಹೊತ್ತೂ ಓಡುತ್ತಲೇ ಇತ್ತು, ಸುದ್ದಿ ಮಾತ್ರ ಬರುತ್ತಿರಲಿಲ್ಲ. ಚಾರ್ಮಾಡಿಯಲ್ಲೂ ಆಗುಂಬೆಯಲ್ಲೂ ಇದೇ ಕಥೆ. ಚಾರ್ಜು ಮುಗಿದರೂ ಹೀಗೇ ಆಗುತ್ತದೆ. ಬ್ಯಾಟರಿ ಉಳಿಸಲು ಫೋನೇ ಆಪನ್ನು ನಿಲ್ಲಿಸಿದರೂ ಹೀಗೇ ಆಗುತ್ತದೆ. ನಿಂತ ಚುಕ್ಕಿ ಎಂದರೆ ನಿಂತ ಮನುಷ್ಯ ಎಂದು ಲೆಕ್ಕ ಹಾಕಬಾರದು. ಓಡುತ್ತಿರುವ ಚುಕ್ಕಿ ಎಂದರೆ ಕ್ಷೇಮವಾಗಿರುವ ಮನುಷ್ಯ ಎಂದೂ ನಂಬಬಾರದು. ಅದು ಫೋನು ಇರುವ ಜಾಗ ಮಾತ್ರ.

ಈಗ ಬಳಸುವ ವಿಧಾನಕ್ಕೆ ಬರೋಣ. ಹೆಚ್ಚಿನ ಮನೆಗಳಿಗೆ ಹೊಸ ಆಪೇ ಬೇಕಿಲ್ಲ. ನಿಮ್ಮೆಲ್ಲರ ಫೋನಿನಲ್ಲಿರುವ ವಾಟ್ಸಾಪಿನಲ್ಲೇ ಲೈವ್ ಲೊಕೇಶನ್ ಇದೆ. ಯಾರಿಗೆ ಕಳಿಸಬೇಕೋ ಅವರ ಚಾಟ್ ತೆರೆಯಿರಿ. ಕಡತ ಸೇರಿಸುವ ಗುರುತು ಒತ್ತಿ, ಲೊಕೇಶನ್ ಆರಿಸಿ. ಅಲ್ಲಿ ಎರಡು ಆಯ್ಕೆ ಕಾಣುತ್ತವೆ. ಒಂದು, ಈಗಿರುವ ಜಾಗವನ್ನು ಮಾತ್ರ ಕಳಿಸುವುದು. ಅದು ಆಮೇಲೆ ಬದಲಾಗುವುದಿಲ್ಲ. ಮತ್ತೊಂದು ಲೈವ್ ಲೊಕೇಶನ್. ಅದು ನಿಮ್ಮ ಜೊತೆ ಸರಿಯುತ್ತದೆ. ಎಷ್ಟೋ ಮಂದಿ ಮೊದಲನೆಯದನ್ನು ಕಳಿಸಿ, ಎರಡನೆಯದನ್ನು ಕಳಿಸಿದ್ದೇವೆ ಎಂದುಕೊಂಡಿರುತ್ತಾರೆ. ಲೈವ್ ಲೊಕೇಶನ್ನಿಗೆ 15 ನಿಮಿಷ, 1 ಗಂಟೆ, 8 ಗಂಟೆ ಎಂಬ ಮೂರು ಅವಧಿಗಳಿವೆ. ಅವಧಿ ಮುಗಿದರೆ ತಾನೇ ನಿಲ್ಲುತ್ತದೆ. ನಡುವೆ ಬೇಕೆಂದಾಗ ನೀವೂ ನಿಲ್ಲಿಸಬಹುದು. ರಾತ್ರಿ ಬಸ್ಸಿಗೆ 8 ಗಂಟೆ, ಆಟೋದಲ್ಲಿ ಮನೆಗೆ ಬರಲು 1 ಗಂಟೆ ಸಾಕು. ತಾನಾಗಿ ಮುಗಿಯುವ ಈ ಏರ್ಪಾಡನ್ನೇ ನಾನು ಎಲ್ಲರಿಗೂ ಮೊದಲು ಹೇಳುವುದು.

ಗೂಗಲ್ ಮ್ಯಾಪ್ಸಿನಲ್ಲಿ ನಿಮ್ಮ ಫೋಟೋ ಒತ್ತಿದರೆ ಲೊಕೇಶನ್ ಶೇರಿಂಗ್ ಎಂಬುದು ಸಿಗುತ್ತದೆ. ಅಲ್ಲಿ ಗಂಟೆಗಳ ಲೆಕ್ಕದಲ್ಲೂ ಕೊಡಬಹುದು, ನಾನೇ ನಿಲ್ಲಿಸುವವರೆಗೆ ಎಂದೂ ಕೊಡಬಹುದು. ಎರಡನೆಯದನ್ನು ಆರಿಸಿ ಮರೆತುಬಿಡುವವರು ಬಹಳ. ಯಾವಾಗಲೋ ಟೂರಿಗೆ ಹೋದಾಗ ಗೆಳತಿಗೆ ಕೊಟ್ಟ ಲೊಕೇಶನ್ ವರ್ಷಗಟ್ಟಲೆ ತೆರೆದೇ ಇರುತ್ತದೆ. ಐಫೋನ್ ಇರುವವರಿಗೆ ಫೈಂಡ್ ಮೈ ಇದೆ. ಸಣ್ಣ ಮಕ್ಕಳ ಆಂಡ್ರಾಯ್ಡ್ ಫೋನಿಗೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಇದೆ. ಅದನ್ನು ಹಾಕಿರುವುದು ಮಗುವಿಗೂ ಕಾಣುತ್ತದೆ. ಬಾಡಿಗೆ ಕ್ಯಾಬಿನ ಆಪ್‌ಗಳಲ್ಲೂ ಪ್ರಯಾಣದ ವಿವರವನ್ನು ಮನೆಯವರಿಗೆ ಕಳಿಸುವ ಸೌಲಭ್ಯ ಇದೆ.

ನಿಜವಾದ ಆಪತ್ತು ಬಂದಾಗ ಮಾತ್ರ ಮನೆಯವರಿಗೆ ಲೊಕೇಶನ್ ಕಳಿಸುತ್ತ ಕೂರಬಾರದು. 112ಕ್ಕೆ ಕರೆ ಮಾಡಬೇಕು. ಪೊಲೀಸ್, ಅಗ್ನಿಶಾಮಕ, ವೈದ್ಯಕೀಯ ನೆರವು ಎಲ್ಲಕ್ಕೂ ಅದೊಂದೇ ಸಂಖ್ಯೆ. ಕೇಂದ್ರ ಸರ್ಕಾರ 2016ರಲ್ಲಿ ಮಾಡಿದ ನಿಯಮದಂತೆ, ದೇಶದಲ್ಲಿ ಮಾರುವ ಫೋನುಗಳಲ್ಲಿ 2017ರ ಜನವರಿ 1ರಿಂದ ತುರ್ತು ಬಟನ್ ಇರಬೇಕು. ಬಟನ್ ಇರುವ ಸಾದಾ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯುವುದು, ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ನನ್ನು ಬೇಗ ಬೇಗ ಮೂರು ಸಲ ಒತ್ತುವುದು ಎಂದು ನಿಯಮ ಹೇಳುತ್ತದೆ. ಕೆಲವು ಫೋನುಗಳಲ್ಲಿ ಒತ್ತುವ ಕ್ರಮ ಬೇರೆ ಇರುತ್ತದೆ. ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಎಮರ್ಜೆನ್ಸಿ ಅಥವಾ ಎಸ್‌ಓಎಸ್ ಎಂಬಲ್ಲಿ ಅದನ್ನು ಈಗಲೇ ನೋಡಿಟ್ಟುಕೊಳ್ಳಿ. ಆಪತ್ತಿನ ಹೊತ್ತಿನಲ್ಲಿ ಹುಡುಕಲು ಆಗುವುದಿಲ್ಲ.

ಲೊಕೇಶನ್ ನಿಜವಾಗಿಯೂ ದೇವರಂತೆ ಕೈಹಿಡಿಯುವುದು ಮರೆವಿನ ಕಾಯಿಲೆ ಇರುವ ಹಿರಿಯರ ವಿಷಯದಲ್ಲಿ. ನಮ್ಮ ಬೀದಿಯಲ್ಲಿ ಅಂಥ ಹಿರಿಯರೊಬ್ಬರಿದ್ದಾರೆ. ಒಂದು ಸಂಜೆ ಮನೆಯಾಕೆ ದೇವರಿಗೆ ದೀಪ ಹಚ್ಚುವಷ್ಟರಲ್ಲಿ ಗೇಟು ತೆಗೆದುಕೊಂಡು ಹೊರಟುಬಿಟ್ಟಿದ್ದರು. ಮೈಸೂರಿನಲ್ಲಿದ್ದ ಮಗ ಮ್ಯಾಪ್ ನೋಡಿ ಅಕ್ಕಪಕ್ಕದವರಿಗೆ ಫೋನ್ ಮಾಡಿದ: "ಅಪ್ಪ ಬಸ್ ಸ್ಟ್ಯಾಂಡ್ ಹತ್ರ ಇದ್ದಾರೆ, ದಯವಿಟ್ಟು ಯಾರಾದ್ರೂ ಹೋಗ್ತೀರಾ?" ಹೋಗಿ ನೋಡಿದರೆ ಅರಕಲಗೂಡಿನ ಬಸ್ಸು ನಿಲ್ಲುವ ಕಡೆ, ತೊಡೆಯ ಮೇಲೆ ಖಾಲಿ ಕೈಚೀಲ ಇಟ್ಟುಕೊಂಡು ಕೂತಿದ್ದರು. ಕಾಲಲ್ಲಿ ಒಂದು ಕಡೆ ಅವರ ಚಪ್ಪಲಿ, ಇನ್ನೊಂದು ಕಡೆ ಹೆಂಡತಿಯ ಚಪ್ಪಲಿ. "ಊರಿಗೆ ಹೋಗಬೇಕು, ಅಮ್ಮ ಕಾಯ್ತಿರ್ತಾಳೆ" ಎಂದರು. ಆ ಅಮ್ಮ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಬಸ್ಸು ಬಂದು ಅವರು ಹತ್ತಿಬಿಟ್ಟಿದ್ದರೆ ಹುಡುಕುವುದು ಬಹಳ ಕಷ್ಟವಾಗುತ್ತಿತ್ತು.

ಅಂದು ಫೋನು ಅವರ ಅಂಗಿಯ ಜೇಬಿನಲ್ಲಿತ್ತು, ಚಾರ್ಜೂ ಇತ್ತು. ಈ ಎರಡೂ ಯಾವಾಗಲೂ ಇರುತ್ತವೆ ಎನ್ನುವಂತಿಲ್ಲ. ಮರೆವಿನವರು ಫೋನನ್ನೂ ಮರೆಯುತ್ತಾರೆ. ಆದ್ದರಿಂದ ಇಂಥವರಿಗೆ ಕೈಗೆ ಕಟ್ಟುವ ಲೊಕೇಶನ್ ವಾಚು ಒಳ್ಳೆಯದು. ಅದರ ಜೊತೆಗೆ ಹೆಸರು, ಮನೆಯವರ ಫೋನ್ ನಂಬರು ಬರೆದ ಚೀಟಿ ಪ್ರತಿಯೊಂದು ಅಂಗಿಯ ಜೇಬಿನಲ್ಲೂ ಇರಲಿ. ಅಂಗಿಯ ಒಳಮಡಿಕೆಯಲ್ಲಿ ನಂಬರನ್ನು ಹೊಲಿದರೆ ಇನ್ನೂ ಒಳ್ಳೆಯದು. ಬೀದಿಯ ಅಂಗಡಿಯವರಿಗೆ, ಆಟೋ ಸ್ಟ್ಯಾಂಡಿನವರಿಗೆ ಅವರ ಪರಿಚಯ ಮಾಡಿಸಿಡಿ. ಕಾಯಿಲೆಯ ಆರಂಭದಲ್ಲಿ, ಅವರಿಗೆ ಇನ್ನೂ ತಿಳಿವಳಿಕೆ ಚೆನ್ನಾಗಿರುವಾಗಲೇ, "ಅಪ್ಪಾ, ನೀವು ದಾರಿ ತಪ್ಪಿದರೆ ನಮಗೆ ಗೊತ್ತಾಗಲಿ ಅಂತ ಇದನ್ನ ಹಾಕ್ತೀವಿ" ಎಂದು ಹೇಳಿ ಒಪ್ಪಿಗೆ ಪಡೆಯಿರಿ. ಅವರ ಮರ್ಯಾದೆ ಉಳಿಯುತ್ತದೆ. ಹಿರಿಯ ನಾಗರಿಕರ ನೆರವಿಗೆ 14567 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ.

ಇನ್ನು ಮಕ್ಕಳ ವಿಷಯ. ಎಂಟು ವರ್ಷದ ಮಗುವಿಗೂ ಹದಿನೇಳರ ಹುಡುಗನಿಗೂ ಒಂದೇ ಅಳತೆ ಹಿಡಿಯಬಾರದು. ಶಾಲೆಯ ವ್ಯಾನಿನಲ್ಲಿ ಬರುವ ಚಿಕ್ಕ ಮಗು ಎಲ್ಲಿದೆ ಎಂದು ತಂದೆತಾಯಿ ನೋಡಲೇಬೇಕು, ಅದು ಅವರ ಹೊಣೆ. ಮಗು ಬೆಳೆದಂತೆ ನೋಡುವುದು ಕಡಿಮೆಯಾಗಿ, ಕೇಳುವುದು ಹೆಚ್ಚಾಗಬೇಕು. ಹದಿಹರೆಯದ ಮಕ್ಕಳಿಗೆ ದಿನವಿಡೀ ಕಾವಲು ಇಟ್ಟರೆ ಏನಾಗುತ್ತದೆ ಎಂಬುದು ನನ್ನ ತರಗತಿಗಳಲ್ಲಿ ಕಂಡದ್ದೇ. ಫೋನನ್ನು ಗೆಳೆಯನ ಬ್ಯಾಗಿನಲ್ಲಿಟ್ಟು ಟ್ಯೂಷನ್ನಿಗೆ ಕಳಿಸುತ್ತಾರೆ, ತಾವು ಬೇರೆ ಕಡೆ ಹೋಗುತ್ತಾರೆ. ಮನೆಯಲ್ಲಿ ಅಮ್ಮ ಮ್ಯಾಪ್ ನೋಡಿ ಮಗ ಟ್ಯೂಷನ್ನಿನಲ್ಲಿದ್ದಾನೆ ಎಂದು ನೆಮ್ಮದಿಯಾಗಿರುತ್ತಾರೆ. ಆ ಹುಡುಗನಿಗೆ ನಿಜವಾದ ಅಪಾಯ ಬಂದರೆ ಮನೆಯವರು ಅವನಿಲ್ಲದ ಜಾಗಕ್ಕೆ ಓಡುತ್ತಾರೆ.

ಮಗುವಿನ ಸುರಕ್ಷತೆಗೆ ಬೇಕಾದ ಮೊದಲ ಸಂಗತಿ, ತಪ್ಪು ಮಾಡಿದಾಗಲೂ ಮನೆಗೆ ಫೋನ್ ಮಾಡುವ ಧೈರ್ಯ. ಹೇಳದೆ ಎಲ್ಲಿಗೋ ಹೋಗಿ ಸಿಕ್ಕಿಹಾಕಿಕೊಂಡ ಹುಡುಗಿ "ಬೈತಾರೆ" ಎಂದು ಹೆದರಿ ಕರೆ ಮಾಡದೆ ಉಳಿದರೆ ಯಾವ ಆಪೂ ಅವಳನ್ನು ಉಳಿಸಲಾರದು. "ಎಲ್ಲೇ ಇರು, ಎಷ್ಟು ಹೊತ್ತೇ ಆಗಲಿ, ಫೋನ್ ಮಾಡು. ಮೊದಲು ಬಂದು ಕರೆದುಕೊಂಡು ಬರ್ತೀವಿ, ಮಾತೆಲ್ಲ ನಾಳೆ." ಈ ಮಾತನ್ನು ಪ್ರತಿಯೊಂದು ಮನೆಯಲ್ಲೂ ಬಾಯಿಬಿಟ್ಟು ಹೇಳಿರಬೇಕು, ಹೇಳಿದಂತೆ ನಡೆದುಕೊಂಡಿರಬೇಕು. ಮತ್ತೊಂದು: ಮನೆಯವರ ಎರಡು ನಂಬರಾದರೂ ಮಕ್ಕಳಿಗೆ ಬಾಯಿಪಾಠ ಬರಲಿ. ಫೋನು ಕಳೆದುಹೋದ ದಿನ ಉಳಿಯುವುದು ಅದೊಂದೇ. ಕಷ್ಟದಲ್ಲಿರುವ ಮಕ್ಕಳ ಸಹಾಯವಾಣಿ 1098; ಅದನ್ನೂ ಕಲಿಸಿ.

ಈಗ ಹೇಳುವ ಮಾತು ಕಹಿಯಾದದ್ದು, ಆದರೆ ಹೇಳಲೇಬೇಕು. ಸುರಕ್ಷತೆಯ ಹೆಸರಿನಲ್ಲಿ ಹೆಂಡತಿಯ ಫೋನಿಗೆ, ಪ್ರೀತಿಸುವ ಹುಡುಗಿಯ ಫೋನಿಗೆ ಗುಟ್ಟಾಗಿ ಆಪ್ ಹಾಕುವವರಿದ್ದಾರೆ. "ತವರಿಗೆ ಹೋಗ್ತೀನಿ ಅಂದವಳು ದಾರಿಯಲ್ಲಿ ಇಪ್ಪತ್ತು ನಿಮಿಷ ಯಾಕೆ ನಿಂತಿದ್ದೆ?" ಎಂಬ ವಿಚಾರಣೆ ಪ್ರೀತಿಯಿಂದ ಬಂದದ್ದಲ್ಲ. ಅದು ಹಿಂಸೆ. ಇಂಥ ಆಪ್‌ಗಳು ಸಾಮಾನ್ಯವಾಗಿ ಬರುವುದು ಪ್ಲೇಸ್ಟೋರಿನ ಹೊರಗಿನ ಲಿಂಕುಗಳಿಂದ. ಹೆಸರನ್ನು ಸಿಸ್ಟಮ್ ಸರ್ವಿಸ್ ಎಂದೋ ಮತ್ತೇನೋ ಇಟ್ಟುಕೊಂಡು ಅಡಗಿರುತ್ತವೆ. ಲೊಕೇಶನ್ ಅಷ್ಟೇ ಅಲ್ಲ, ಮೆಸೇಜು, ಕರೆ, ಫೋಟೋಗಳನ್ನೂ ಕದ್ದು ಕಳಿಸುವಂಥವು ಇವೆ.

ಹಾಗೆಂದು ಅನುಮಾನ ಬಂದರೆ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಅನುಮತಿ ಯಾವ ಯಾವ ಆಪಿಗೆ ಇದೆ ಎಂದು ನೋಡಿ. ಆಕ್ಸೆಸಿಬಿಲಿಟಿ ಮತ್ತು ಡಿವೈಸ್ ಅಡ್ಮಿನ್ ಎಂಬ ಜಾಗಗಳಲ್ಲಿ ನಿಮಗೆ ಗೊತ್ತಿಲ್ಲದ ಹೆಸರಿದೆಯೇ ನೋಡಿ. ಬ್ಯಾಗಿನಲ್ಲೋ ಸ್ಕೂಟರಿನಲ್ಲೋ ಅಡಗಿಸಿಡುವ ಗುಂಡಿಯಂಥ ಟ್ರ್ಯಾಕರ್‌ಗಳೂ ಇವೆ. ಅಪರಿಚಿತ ಟ್ರ್ಯಾಕರ್ ಜೊತೆಯಲ್ಲೇ ಬರುತ್ತಿದ್ದರೆ ಎಚ್ಚರಿಸುವ ಏರ್ಪಾಡನ್ನು ಆಪಲ್ ಮತ್ತು ಗೂಗಲ್ ಸೇರಿ 2024ರ ಮೇ ತಿಂಗಳಲ್ಲಿ ತಂದಿವೆ. ಅಂಥ ಎಚ್ಚರಿಕೆ ಬಂದರೆ ಅಲಕ್ಷ್ಯ ಮಾಡಬೇಡಿ. ಹೊಡೆತ ಬಡಿತ ಇರುವ ಮನೆಯಲ್ಲಿರುವ ತಂಗಿಯರಿಗೆ ಒಂದು ಕಿವಿಮಾತು: ಆಪ್ ಸಿಕ್ಕ ಕೂಡಲೇ ಅದನ್ನು ಅಳಿಸಬೇಡಿ. ಅಳಿಸಿದ್ದು ಅವನಿಗೆ ಗೊತ್ತಾಗಿ ಅಪಾಯ ಹೆಚ್ಚಬಹುದು, ಸಾಕ್ಷಿಯೂ ಹೋಗುತ್ತದೆ. ನಂಬಿಕೆಯವರ ಬೇರೆ ಫೋನಿನಿಂದ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, ಮುಂದೇನೆಂದು ಅವರ ಜೊತೆ ಮಾತಾಡಿ ನಿರ್ಧರಿಸಿ.

ಕಾನೂನು ಈ ವಿಷಯದಲ್ಲಿ ನಿಮ್ಮ ಪರ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಂತೆ, ಹೆಣ್ಣಿನ ಇಂಟರ್ನೆಟ್, ಇಮೇಲ್ ಅಥವಾ ಇತರ ಎಲೆಕ್ಟ್ರಾನಿಕ್ ಸಂಪರ್ಕದ ಬಳಕೆಯ ಮೇಲೆ ಗಂಡಸು ಕಣ್ಣಿಡುವುದು ಹಿಂಬಾಲಿಸುವಿಕೆಯ ಅಪರಾಧ. ಮೊದಲ ಸಲಕ್ಕೆ 3 ವರ್ಷದವರೆಗೆ ಜೈಲು, ಮತ್ತೆ ಮಾಡಿದರೆ 5 ವರ್ಷದವರೆಗೆ. ಅನುಮತಿಯಿಲ್ಲದೆ ಇನ್ನೊಬ್ಬರ ಫೋನಿನೊಳಗೆ ಕೈಹಾಕಿ ಮಾಹಿತಿ ಕದಿಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿಯೂ ಶಿಕ್ಷೆಗೆ ಗುರಿ.

ಇದರ ಬೇರು ಇನ್ನೂ ಆಳದಲ್ಲಿದೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಪ್ರತಿಯೊಬ್ಬ ಪ್ರಜೆಯ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಆಧಾರ್ ವಿಷಯವಾಗಿ ಕೋರ್ಟಿನ ಮೆಟ್ಟಿಲು ಹತ್ತಿದರು. ಅದರ ಫಲ ಇಡೀ ದೇಶಕ್ಕೆ ಸಿಕ್ಕಿತು. ಮುಂದೆ 2024ರ ಜುಲೈ 8ರಂದು ಅದೇ ಸುಪ್ರೀಂ ಕೋರ್ಟು ಇನ್ನೊಂದು ಮೊಕದ್ದಮೆಯಲ್ಲಿ, ಜಾಮೀನಿನ ಮೇಲೆ ಹೊರಬಂದ ಆರೋಪಿಗೆ ಗೂಗಲ್ ಮ್ಯಾಪ್ಸಿನಲ್ಲಿ ತಾನಿರುವ ಜಾಗವನ್ನು ಪೊಲೀಸರಿಗೆ ಸದಾ ತೋರಿಸುತ್ತಿರಬೇಕೆಂಬ ಷರತ್ತು ಹಾಕುವಂತಿಲ್ಲ ಎಂದಿತು. ಆರೋಪಿಗೇ ಈ ಹಕ್ಕಿದೆ ಎಂದಮೇಲೆ ನಮ್ಮ ಹೆಣ್ಣುಮಕ್ಕಳಿಗೆ, ನಮ್ಮ ಸೊಸೆಗೆ, ಬೆಳೆದ ಮಗನಿಗೆ ಅದು ಇಲ್ಲವೆನ್ನಲು ಯಾರಿಗೆ ಅಧಿಕಾರವಿದೆ?

ಲೊಕೇಶನ್ ಮನೆಯವರಿಗಷ್ಟೇ ಹೋಗುತ್ತಿದೆಯೇ ಎಂಬುದನ್ನೂ ನೋಡಬೇಕು. ಲೈಫ್360 ಎಂಬುದು ಅಮೆರಿಕದಲ್ಲಿ ಲಕ್ಷಾಂತರ ಕುಟುಂಬಗಳು ಬಳಸುವ ಕುಟುಂಬ ಸುರಕ್ಷತೆಯ ಆಪ್. ಅದು ಬಳಕೆದಾರರ ಸ್ಥಳದ ಮಾಹಿತಿಯನ್ನು ದಲ್ಲಾಳಿ ಕಂಪನಿಗಳಿಗೆ ಮಾರುತ್ತಿದೆ ಎಂದು 2021ರ ಡಿಸೆಂಬರಿನಲ್ಲಿ ದಿ ಮಾರ್ಕಪ್ ಎಂಬ ಪತ್ರಿಕಾ ಸಂಸ್ಥೆ ವರದಿ ಮಾಡಿತು. ಗದ್ದಲವಾದ ಮೇಲೆ, ನಿಖರ ಸ್ಥಳದ ಮಾರಾಟವನ್ನು ಬಹುಮಟ್ಟಿಗೆ ನಿಲ್ಲಿಸುವುದಾಗಿ 2022ರಲ್ಲಿ ಕಂಪನಿ ಹೇಳಿತು. ಮಗು ಯಾವ ಶಾಲೆಗೆ ಹೋಗುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ, ಮನೆ ಯಾವಾಗ ಖಾಲಿ ಇರುತ್ತದೆ ಎಂಬುದೆಲ್ಲ ಆ ಮಾಹಿತಿಯಲ್ಲಿ ಸಿಗುತ್ತದೆ. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿ ಪಡೆಯಲು ತಂದೆತಾಯಿಯ ಒಪ್ಪಿಗೆ ಬೇಕು ಎನ್ನುತ್ತದೆ. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕಂಪನಿಗಳು ಮಕ್ಕಳನ್ನು ಹಿಂಬಾಲಿಸುವಂತಿಲ್ಲ ಎನ್ನುತ್ತದೆ. ಕಾಯ್ದೆ ಇದ್ದರೂ ಎಚ್ಚರ ನಮ್ಮದೇ. ಹೆಸರು ಕೇಳದ, ಪುಕ್ಕಟೆ ಸಿಗುವ, ಜಾಹೀರಾತು ತುಂಬಿದ ಟ್ರ್ಯಾಕಿಂಗ್ ಆಪನ್ನು ಮಗುವಿನ ಫೋನಿಗೆ ಹಾಕಬೇಡಿ.

ಕೊನೆಯದಾಗಿ, ಪ್ರತಿಯೊಂದು ಮನೆಯಲ್ಲೂ ಒಂದು ಒಪ್ಪಂದ ಇರಲಿ ಎಂದು ಕೇಳಿಕೊಳ್ಳುತ್ತೇನೆ. ಲೊಕೇಶನ್ ಕೇಳುವವರು ತಮ್ಮದನ್ನೂ ಕೊಡಲಿ. ಅಪ್ಪ ಎಲ್ಲಿದ್ದಾರೆಂದು ಮಗಳಿಗೂ ಕಾಣಲಿ. ಪ್ರಯಾಣಕ್ಕೆ ಎಂದು ಕೊಟ್ಟದ್ದು ಪ್ರಯಾಣ ಮುಗಿದ ಮೇಲೆ ನಿಲ್ಲಲಿ. ಚುಕ್ಕಿ ನಿಂತಾಗ ಮೊದಲು ಫೋನ್ ಮಾಡುವುದು, ಸಿಗದಿದ್ದರೆ ಜೊತೆಯಲ್ಲಿದ್ದವರಿಗೆ ಮಾಡುವುದು, ಇಂತಿಷ್ಟು ಹೊತ್ತು ಕಾದು ಆಮೇಲೆ 112ಕ್ಕೆ ತಿಳಿಸುವುದು ಎಂಬ ಕ್ರಮವನ್ನು ಮೊದಲೇ ಮಾತಾಡಿಕೊಳ್ಳಿ. ಮ್ಯಾಪಿನಲ್ಲಿ ಕಂಡದ್ದನ್ನು ಜಗಳಕ್ಕೆ ಬಳಸಬೇಡಿ. ಒಮ್ಮೆ ಬಳಸಿದಿರೆಂದರೆ ಮುಂದಿನ ಸಲ ಅವರು ಆಫ್ ಮಾಡುತ್ತಾರೆ, ಆ ದಿನವೇ ಅದು ಬೇಕಾಗಬಹುದು.

ಇವತ್ತು ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಫೋನು ಹಿಡಿದು ಒಟ್ಟಿಗೆ ಕೂತುಕೊಳ್ಳಿ. ಯಾರ ಲೊಕೇಶನ್ ಯಾರಿಗೆ ಹೋಗುತ್ತಿದೆ ಎಂದು ನೋಡಿ. ಬೇಡದ್ದನ್ನು ನಿಲ್ಲಿಸಿ, ಬೇಕಾದದ್ದನ್ನು ಒಪ್ಪಿಕೊಂಡು ಹಾಕಿಕೊಳ್ಳಿ. ಮನೆಯ ಚಿಕ್ಕ ಮಗುವಿನ ಬಾಯಲ್ಲಿ ನಿಮ್ಮ ಫೋನ್ ನಂಬರನ್ನೂ 112 ಎಂಬ ಸಂಖ್ಯೆಯನ್ನೂ ಹೇಳಿಸಿ. ನಾಳೆಗೆಂದು ಮುಂದೂಡಬೇಡಿ.